ತಂಗಿಯ ಅಂಗಳದ ಮೇಲೆ ನನ್ನ ಕಣ್ಣು

ನನ್ನ ತಂಗಿ ಹುಕ್ಕೇರಿಯಲ್ಲಿ ಮನೆ ಕಟ್ಟಿಸಿದಾಗ ನನಗೆ ಹೊಟ್ಟೆಕಿಚ್ಚಾಗಿರಲಿಲ್ಲ. ಮನೆ ನನ್ನದಕ್ಕಿಂತ ಚಿಕ್ಕದು, ಅಡುಗೆಮನೆ ಇಕ್ಕಟ್ಟು, ಮುಂದಿನ ಜಾಗದ ತುಂಬ ಒಡೆದ ಇಟ್ಟಿಗೆ, ಉಳಿದ ಮರಳು, ಸಿಮೆಂಟಿನ ಖಾಲಿ ಚೀಲ. ಗೃಹಪ್ರವೇಶದ ದಿನ ಅದನ್ನೆಲ್ಲ ನೋಡಿ, ಹೋಳಿಗೆ ಉಂಡು, ಸಮಾಧಾನದಿಂದಲೇ ಗೋಕಾಕಕ್ಕೆ ಮರಳಿದ್ದೆ. ಕಿಚ್ಚು ಹತ್ತಿಕೊಂಡದ್ದು ಎರಡು ವರ್ಷ ದಾಟಿದ ಮೇಲೆ, ದೀಪಾವಳಿಯ ಸೂಟಿಯಲ್ಲಿ ನಾನೂ ನಮ್ಮ ಮನೆಯವರೂ ಅವಳಲ್ಲಿಗೆ ಹೋದಾಗ.

ಗೇಟು ತೆರೆದವಳು ಅಲ್ಲೇ ನಿಂತುಬಿಟ್ಟೆ. ಇಟ್ಟಿಗೆ ಚೂರುಗಳಿದ್ದ ಜಾಗದಲ್ಲಿ ಚಪ್ಪಟೆ ಕಲ್ಲುಗಳ ಒಂದು ಸಣ್ಣ ದಾರಿ ಸ್ವಲ್ಪ ಸೊಟ್ಟಗೆ ಹೋಗಿ ಮೆಟ್ಟಿಲು ಮುಟ್ಟಿತ್ತು. ಎರಡೂ ಬದಿಗೆ ಬೂದು ಬಣ್ಣದ ಸಣ್ಣ ಜಲ್ಲಿ. ಮೂಲೆಯಲ್ಲಿ ಗುಲಾಬಿ ಬಣ್ಣದ ಕಣಗಲ, ಗೋಡೆಯ ಮೇಲೆ ಹಬ್ಬಿದ ಕಾಗದದ ಹೂವು, ಅದರ ಕೆಳಗೆ ಲೋಳಸರ, ಜಲ್ಲಿಯ ಅಂಚಿಗೆ ಬಿಳಿ ಸದಾಪುಷ್ಪ. ಕಾಂಪೌಂಡಿನ ನೆರಳು ಬೀಳುವಲ್ಲಿ ಒಂದು ಕಲ್ಲಿನ ಆಸನ. ಒಂದು ಕುಂಡವಿಲ್ಲ, ಒಂದು ಪೈಪಿಲ್ಲ, ಒದ್ದೆ ಮಣ್ಣಿಲ್ಲ. ಎತ್ತಿನ ಗಾಡಿ ತಿರುಗಿಸಲೂ ಸಾಲದ ಜಾಗ ಅದು. ಆದರೆ ಒಳಗೆ ಕಾಲಿಟ್ಟವರಿಗೆ ಅಲ್ಲೇ ಕುಳಿತುಕೊಳ್ಳಬೇಕು ಅನ್ನಿಸುತ್ತಿತ್ತು.

ತಂಗಿ ಆ ಆಸನದ ಮೇಲೆ ಕಾಲು ಮಡಚಿಕೊಂಡು ಚಹಾ ಕುಡಿಯುತ್ತಿದ್ದಳು. ಇನ್ನೂ ತಲೆ ಬಾಚಿರಲಿಲ್ಲ.

"ಇದಕ್ಕ ನೀರ ಯಾವಾಗ ಹಾಕತಿ?" ಎಂದು ಕೇಳಿದೆ.

"ನೆನಪಾದಾಗ."

"ಕಸಾ?"

"ಭಾಳ ಕಂಡ್ರ ಹೊಡಿತೇನಿ."

ನಮ್ಮ ಮನೆಯವರು ಆಗಲೇ ಅವಳ ಪಕ್ಕ ಕುಳಿತು ಚಪ್ಪಲಿ ಬಿಟ್ಟಿದ್ದರು. "ನೋಡು, ಎಷ್ಟ ಆರಾಮ ಐತಿ," ಎಂದು ನನ್ನತ್ತ ತಿರುಗಿ ಅಂದರು. "ನಮ್ಮ ಮನಿ ಮುಂದ ಒಂದ ಕುರ್ಚಿ ಹಾಕಾಕೂ ಜಾಗಾ ಇಲ್ಲ."

ಅವರು ಅಂದದ್ದು ನಿಜವೇ. ನಿಜವಾದ್ದರಿಂದಲೇ ಅದು ಮುಳ್ಳಿನ ಹಾಗೆ ನೆಟ್ಟುಕೊಂಡಿತು.

ಗೋಕಾಕದ ನಮ್ಮ ಮನೆಯ ಮುಂದೆ ನಾನು ವರ್ಷಾನುಗಟ್ಟಲೆ ಬೆಳೆಸಿದ ತೋಟವಿತ್ತು. ಗುಲಾಬಿ, ದಾಸವಾಳ, ಶಾವಂತಿಗೆ, ಅವ್ವ ಹಚ್ಚಿದ ದುಂಡು ಮಲ್ಲಿಗೆ, ಗೇಟಿನ ಬಳಿ ಒಂದು ಚಾಪೆಯಷ್ಟು ಹುಲ್ಲುಹಾಸು, ಮೆಟ್ಟಿಲ ಮೇಲೆಲ್ಲ ಕುಂಡಗಳು. ನಳ ದಿನಾ ಬರುವುದಿಲ್ಲ. ಬಂದ ದಿನ ಕೊಡ, ಬಕೆಟ್, ಡ್ರಮ್ಮು ಎಲ್ಲ ತುಂಬಿಟ್ಟುಕೊಂಡು, ಉಳಿದ ದಿನ ಅದನ್ನೇ ಚೊಂಬಿನಲ್ಲಿ ಹಂಚಿ ಹಾಕುತ್ತಿದ್ದೆ. ಹೈಸ್ಕೂಲಿನಲ್ಲಿ ಕಲಿಸುವವಳು ನಾನು, ಓಣಿಯವರಿಗೆಲ್ಲ ಬಾಯಾರು. ಬೆಳಗಿನ ಪ್ರಾರ್ಥನೆಗೆ ನಿಂತಾಗ ಉಗುರಿನ ಸಂದಿಯಲ್ಲಿ ಮಣ್ಣಿರುತ್ತಿತ್ತು. ಅದರ ಬಗ್ಗೆ ನನಗೆ ಹೆಮ್ಮೆಯಿತ್ತು. ದಾರಿಹೋಕರು ಹೂವು ನೋಡಿ "ಭಾಳ ಕಷ್ಟ ಪಡತೀರ್ರಿ ಬಾಯಾರ" ಅಂದರೆ ಆ ದಿನವೆಲ್ಲ ಹಿಗ್ಗು.

ಹುಕ್ಕೇರಿಯಿಂದ ಬಂದ ಮರುದಿನ ಬಕೆಟ್ ಎತ್ತುವಾಗ ಮೊದಲ ಸಲ ಅನ್ನಿಸಿತು: ಈ ಹೊತ್ತಿಗೆ ಅವಳು ಮಲಗಿರುತ್ತಾಳೆ.

ಅವಳು ಮಲಗಿರುವುದು ಹೊಸದೇನೂ ಅಲ್ಲ. ನಾವು ಹುಟ್ಟಿ ಬೆಳೆದದ್ದು ಮೂಡಲಗಿಯಲ್ಲಿ. ಅಂಗಳ ಕಸ ಹೊಡೆದು, ಸೆಗಣಿ ನೀರು ಚಿಮುಕಿಸಿ, ರಂಗೋಲಿ ಹಾಕಿ, ಬೋರಿನಿಂದ ಕೊಡ ಹೊತ್ತು ತರುವುದು ಹಿರಿಯ ಮಗಳಾದ ನನ್ನ ಪಾಲು. ಅವಳು ಕೌದಿಯೊಳಗೆ ಮುದುಡಿ ಬಿಸಿಲು ಮುಖಕ್ಕೆ ಬೀಳುವವರೆಗೂ ಏಳುತ್ತಿರಲಿಲ್ಲ. ನಾನು ಎಬ್ಬಿಸಲು ಹೋದರೆ ಅವ್ವ, "ಸಣ್ಣದೈತಿ, ಮಕ್ಕೊಳ್ಳಿ ಬಿಡು" ಅನ್ನುತ್ತಿದ್ದಳು. ಆ ಸಣ್ಣತನ ಅವಳಿಗೆ ಮದುವೆಯಾಗುವವರೆಗೂ ಮುಗಿಯಲಿಲ್ಲ. ಶಾಲೆಯಲ್ಲೂ ಹಾಗೆಯೇ. ನಾನು ಬಾಯಿಪಾಠ ಮಾಡಿ ಮಾಡಿ ತೆಗೆದ ಅಂಕವನ್ನು ಅವಳು ಕಿಟಕಿಯಾಚೆ ನೋಡುತ್ತ ತೆಗೆಯುತ್ತಿದ್ದಳು. ದುಡಿದವಳು ನಾನು, ಅವಳಿಗೆ ಎಲ್ಲ ತಾನಾಗಿಯೇ ಬರುತ್ತದೆ ಎಂಬ ಲೆಕ್ಕ ನನ್ನೊಳಗೆ ಅಂದಿನಿಂದಲೂ ಇತ್ತು. ತೋಟದ ವಿಷಯದಲ್ಲಾದರೂ ಹಾಗಾಗಲಾರದು ಎಂದುಕೊಂಡಿದ್ದೆ.

ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಹತ್ತಿರವೇ ಇದ್ದಳು. ಯುಗಾದಿಯ ಮುಂದೆ "ನಾಕ ದಿನಾ ಇದ್ದು ಬರತೇನಿ ಮಗಳ" ಎಂದು ಹುಕ್ಕೇರಿಗೆ ಹೋದಳು. ವಾರ ಕಳೆಯಿತು, ತಿಂಗಳು ಕಳೆಯಿತು. ಫೋನು ಮಾಡಿದರೆ ಒಂದೇ ಮಾತು.

"ಇಲ್ಲೆ ಹೊರಗ ಕುಂದ್ರಾಕ ಛಲೋ ಐತಿ. ಬಾಜೂ ಮನ್ಯಾಕಿ ಬರತಾಳ, ಇಬ್ಬರೂ ಜೋಳಾ ಹಸನ ಮಾಡಕೋತ ಕುಂದ್ರತೇವಿ. ಪೂಜಿಗೆ ಹೂ ಕೈಗೇ ಸಿಗತಾವ."

ನಮ್ಮಲ್ಲಿ ಹೂವಿಗೇನು ಕಡಿಮೆಯಿತ್ತು? ದಿನಾ ಬೆಳಗ್ಗೆ ಅವ್ವನ ಲಿಂಗಪೂಜೆಗೆ ಮಲ್ಲಿಗೆ ಬಿಡಿಸಿ ತಟ್ಟೆಯಲ್ಲಿಟ್ಟು ಶಾಲೆಗೆ ಹೋಗುತ್ತಿದ್ದವಳು ನಾನು. ಫೋನು ಇಟ್ಟ ಮೇಲೆ ಹೊರಗೆ ಬಂದು ನೋಡಿದೆ. ಅವ್ವ ಕೂರುವುದಾದರೂ ಎಲ್ಲಿ? ಮೆಟ್ಟಿಲ ಮೇಲೆ ಕುಂಡ, ಕೆಳಗೆ ಕೆಸರು, ಗುಲಾಬಿಯ ಮುಳ್ಳು ಸೀರೆಗೆ ಸಿಕ್ಕುವಷ್ಟು ಹತ್ತಿರ. ನನ್ನ ತೋಟದಲ್ಲಿ ನನ್ನನ್ನು ಬಿಟ್ಟು ಯಾರಿಗೂ ಜಾಗವಿರಲಿಲ್ಲ. ಅದನ್ನು ಕಂಡು ನನಗೆ ತೋಟದ ಮೇಲೆ ಸಿಟ್ಟು ಬರಲಿಲ್ಲ, ತಂಗಿಯ ಮೇಲೆ ಬಂತು.

ಬೇಸಿಗೆ ಸೂಟಿ ಬಿದ್ದ ಕೂಡಲೇ ನಾನೂ ಅಂಗಳ ಬದಲಿಸುತ್ತೇನೆ ಎಂದು ನಿರ್ಧರಿಸಿದೆ. ಅವ್ವನನ್ನು ನೋಡುವ ನೆವದಲ್ಲಿ ಹುಕ್ಕೇರಿಗೆ ಹೋಗಿ, ತಂಗಿ ಒಳಗೆ ಭಕ್ಕರಿ ಬಡಿಯುವಾಗ ಮೊಬೈಲಿನಲ್ಲಿ ಅಂಗಳದ ಫೋಟೋ ತೆಗೆದುಕೊಂಡೆ. ಗೇಟಿನ ಕಡೆಯಿಂದ, ಗೋಡೆಯ ಕಡೆಯಿಂದ, ಬಗ್ಗಿ ಜಲ್ಲಿಯದೊಂದು. ಅವಳು ಹೊರಗೆ ಬಂದಾಗ ಯಾರಿಗೋ ಫೋನು ಮಾಡುವವಳಂತೆ ನಟಿಸಿದೆ. ಅವಳನ್ನು ಕೇಳಿದ್ದರೆ ಸಂತೋಷದಿಂದ ಹೇಳುತ್ತಿದ್ದಳು. ಆ ಸಂತೋಷವನ್ನು ಅವಳಿಗೆ ಕೊಡಲು ನನಗೆ ಮನಸ್ಸಿರಲಿಲ್ಲ.

ಗೌಂಡಿಯನ್ನೂ ಇಬ್ಬರು ಆಳುಗಳನ್ನೂ ಕರೆಸಿದೆ. ಗುಲಾಬಿ, ದಾಸವಾಳ, ಶಾವಂತಿಗೆ ಕೀಳಿಸಿ ಓಣಿಯವರಿಗೆ ಹಂಚಿದೆ. ಮಲ್ಲಿಗೆಯ ಬುಡಕ್ಕೆ ಸಲಿಕೆ ಹಾಕುವಾಗ ನಮ್ಮ ಮನೆಯವರು ಪೇಪರ್ ಮಡಚಿಟ್ಟು ಎದ್ದು ಬಂದರು.

"ಇದನ್ನ ಕೀಳಾಕ ಮನಸ್ಸರ ಹೆಂಗ ಬರತೈತಿ ನಿನಗ?"

"ನಿಮಗ ಕುರ್ಚಿ ಹಾಕಾಕ ಜಾಗಾ ಬೇಕಾಗಿತ್ತಲ್ಲರಿ," ಎಂದೆ. ಅವರು ಹೋಗಿ ಮತ್ತೆ ಪೇಪರ್ ಬಿಡಿಸಿಕೊಂಡರು. ಎದುರು ಮನೆಯಾಕೆ ಮಲ್ಲಿಗೆಯನ್ನು ಬೇರು ಸಮೇತ ಚೀಲದಲ್ಲಿ ಕಟ್ಟಿಕೊಂಡು ಹೋದಳು.

ತಂಗಿಯದು ಬೂದು ಜಲ್ಲಿಯಾದರೆ ನಾನು ಹಾಲಿನಂಥ ಬಿಳಿ ಕಲ್ಲು ಹಾಕಿಸಿದೆ. ಅವಳದು ಒರಟು ಕಲ್ಲಿನ ಆಸನವಾದರೆ ನನ್ನದು ಹೊಳೆಯುವ ಕಪ್ಪು ಗ್ರಾನೈಟ್. ಅವಳ ಹತ್ತಿರ ಇದ್ದ ಗಿಡಗಳನ್ನೆಲ್ಲ ಕೊಣ್ಣೂರಿನ ಕಡೆಯ ಒಂದು ನರ್ಸರಿಯಿಂದ ತಂದು ಹಚ್ಚಿದೆ. ಸಾಲದು ಅನ್ನಿಸಿ ಒಂದು ಜೋಡಿ ಸಿಮೆಂಟಿನ ಕೊಕ್ಕರೆ ತಂದು ಮೂಲೆಯಲ್ಲಿ ನಿಲ್ಲಿಸಿದೆ. ತಂಗಿಯ ಅಂಗಳದಲ್ಲಿ ಕೊಕ್ಕರೆ ಇರಲಿಲ್ಲ. ಕೆಲಸ ಮುಗಿದ ಸಂಜೆ ಬೀದಿಯಲ್ಲಿ ನಿಂತು ನೋಡಿದೆ. ಅವಳದಕ್ಕಿಂತ ಇದು ಚಂದ ಎಂದು ನನಗೆ ಖಾತ್ರಿಯಾಗಿತ್ತು. ಅಂದೇ ಅವ್ವನಿಗೆ ಫೋನು ಮಾಡಿ ಬರಹೇಳಿದೆ.

ಅವ್ವ ಬಂದಳು. ಮಧ್ಯಾಹ್ನದ ಬಸ್ಸು. ಗೇಟಿನ ಹತ್ತಿರ ಬಂದವಳು ಸೆರಗಿನಿಂದ ಹುಬ್ಬಿನ ಮೇಲೆ ನೆರಳು ಮಾಡಿಕೊಂಡಳು. ಬಿಳಿ ಕಲ್ಲಿನ ಮೇಲಿನ ಬಿಸಿಲು ಕಣ್ಣಿಗೆ ಕುಕ್ಕುತ್ತಿತ್ತು. ನಾನು ಕೈ ಹಿಡಿದು ಕರೆದೊಯ್ದು ಆಸನದ ಮೇಲೆ ಕೂರಿಸಿದೆ. ಕುಳಿತವಳು ತಟ್ಟನೆ ಎದ್ದಳು.

"ಯವ್ವಾ! ಹಂಚ ಕಾದಂಗ ಕಾದೈತಲ್ಲ!"

ನಮ್ಮ ಮನೆಗೆ ಪಡುವಣ ಬಾಗಿಲು. ಮಧ್ಯಾಹ್ನದಿಂದ ಹೊತ್ತು ಮುಳುಗುವವರೆಗೆ ಬಿಸಿಲು ನೇರ ಮುಖಕ್ಕೆ. ಮೊದಲು ದಾಸವಾಳ, ಗುಲಾಬಿಗಳ ಪೊದೆ ಅದನ್ನು ತಡೆಯುತ್ತಿತ್ತು. ಈಗ ತಡೆಯಲು ಎರಡು ಕೊಕ್ಕರೆ ಮಾತ್ರ. ತಂಗಿಯ ಮನೆ ಮೂಡಲ ಬಾಗಿಲಿನದು ಎಂಬುದು ಆಗ ನನ್ನ ತಲೆಗೆ ಹೊಳೆಯಿತು.

ಮರುದಿನ ಬೆಳಗ್ಗೆ ಅವ್ವ ಮಿಂದು, ವಿಭೂತಿ ಹಚ್ಚಿಕೊಂಡು, ಹೂವಿನ ತಟ್ಟೆ ಹಿಡಿದು ಹೊರಗೆ ಬಂದಳು. ಮಲ್ಲಿಗೆ ಇದ್ದ ಜಾಗದ ಮುಂದೆ ನಿಂತಳು. ಹೊಸ ಗಿಡಗಳಲ್ಲಿ ಇನ್ನೂ ಒಂದು ಮೊಗ್ಗೂ ಇರಲಿಲ್ಲ.

"ನನ್ನ ಮಲ್ಲಿಗಿ ಎಲ್ಲೈತಿ?"

"ಎದುರು ಮನ್ಯಾಕಿಗೆ ಕೊಟ್ಟೇನಿ, ಅವ್ವಾ."

ಅವ್ವ ಖಾಲಿ ತಟ್ಟೆ ಹಿಡಿದು ಒಳಗೆ ಹೋಗಿ, ಬರೀ ಪತ್ರಿ ಏರಿಸಿ ಪೂಜೆ ಮುಗಿಸಿದಳು. ವಾರದೊಳಗೆ "ಅಲ್ಲೆ ನನ್ನ ಗುಳಗಿ ಉಳದಾವ" ಎಂದು ಹೇಳಿ ಹುಕ್ಕೇರಿಯ ಬಸ್ಸು ಹತ್ತಿದಳು. ಗುಳಿಗೆ ಗೋಕಾಕದಲ್ಲೂ ಸಿಗುತ್ತವೆ. ಬಸ್ಸು ಹೊರಟ ಮೇಲೆ ಸ್ಟ್ಯಾಂಡಿನ ಬೆಂಚಿನ ಮೇಲೆ ಕುಳಿತು ನಾನು ತಂಗಿಯನ್ನು ಮನಸ್ಸಿನಲ್ಲೇ ಬಾಯಿಗೆ ಬಂದಂತೆ ಬೈದೆ. ಪಾಪ, ಅವಳದೇನೂ ತಪ್ಪಿರಲಿಲ್ಲ.

ಮಳೆ ಶುರುವಾದ ಮೇಲೆ ಇನ್ನೊಂದು ಫಜೀತಿ. ಬಿಳಿ ಕಲ್ಲುಗಳ ಸಂದಿಯಿಂದ ಕರಕಿ ತಲೆಯೆತ್ತಿತು, ಹಿಂದೆಯೇ ಜೇಕು. ಜೇಕಿನ ಹುಲ್ಲನ್ನು ಮೇಲೆ ಕಿತ್ತರೆ ಗಡ್ಡೆ ಕೆಳಗೇ ಉಳಿಯುತ್ತದೆ, ಎರಡೇ ದಿನಕ್ಕೆ ಮತ್ತೆ ಹಸಿರು. ಪಕ್ಕದ ಮನೆಯ ಬೇವಿನ ಎಲೆ ಕಲ್ಲಿನ ನಡುವೆ ಸಿಕ್ಕಿ ಕೊಳೆಯುತ್ತಿತ್ತು, ಕಸಬರಿಗೆ ಹಾಕಿದರೆ ಎಲೆ ಬದಲು ಕಲ್ಲೇ ಬೀದಿಗೆ ಹಾರುತ್ತಿತ್ತು. ಓಣಿಯ ಬೆಕ್ಕುಗಳು ಬೇರೆ ಅದನ್ನು ತಮಗೆಂದೇ ಮಾಡಿದ ಜಾಗ ಎಂದುಕೊಂಡವು. ಶಾಲೆಯಿಂದ ಬಂದವಳು ಸೆರಗು ಸಿಕ್ಕಿಸಿ, ಕುಕ್ಕರಗಾಲಲ್ಲಿ ಕುಳಿತು, ಕತ್ತಲಾಗುವವರೆಗೆ ಒಂದೊಂದೇ ಎಲೆ ಆರಿಸುತ್ತಿದ್ದೆ. ನೀರು ಹಾಕುವ ಕೆಲಸ ತಪ್ಪಿತ್ತು, ಅದರ ಎರಡರಷ್ಟು ಕೆಲಸ ಬಂದಿತ್ತು. ಮಂಡಿ ಹಿಡಿದುಕೊಳ್ಳುವಾಗೆಲ್ಲ ತಂಗಿ ಕಾಲು ಮಡಚಿ ಚಹಾ ಕುಡಿಯುವ ಚಿತ್ರ ಕಣ್ಣ ಮುಂದೆ ಬರುತ್ತಿತ್ತು.

ಶ್ರಾವಣದ ಒಂದು ಭಾನುವಾರ ಅವಳು ಹೇಳದೆ ಕೇಳದೆ ಅವ್ವನನ್ನು ಕರೆದುಕೊಂಡು ಬಂದುಬಿಟ್ಟಳು. ನಾನು ಕೆಸರು ಕೈಯಲ್ಲೇ ಇದ್ದೆ. ಅವಳು ಗೇಟು ಹಿಡಿದು ನಿಂತು ಅಂಗಳವನ್ನು ನೋಡಿದಳು. ಪಾಚಿಗಟ್ಟಿದ ಕಲ್ಲು, ಅದರ ಮೇಲೆ ಗೇಣುದ್ದ ಹುಲ್ಲು, ಹುಲ್ಲಿನಲ್ಲಿ ಕಾಲು ಹೂತ ಕೊಕ್ಕರೆ.

"ಅಕ್ಕಾ, ಕಲ್ಲ ಬಿತ್ತಿ ಕರಕಿ ಬೆಳದಿ ಅಲಾ!" ಎಂದವಳೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ನಗುತ್ತ ನಗುತ್ತ ಮೆಟ್ಟಿಲ ಮೇಲೆ ಕುಳಿತಳು. ಅವಳ ಜೊತೆ ನಮ್ಮ ಮನೆಯವರೂ ನಕ್ಕರು. ಅದನ್ನು ನಾನು ಸಹಿಸಲಾರದೆ ಹೋದೆ.

"ನಗಬ್ಯಾಡ."

"ನನಗ ಒಂದ ಮಾತ ಕೇಳಿದ್ರ ಆಗತಿರಲಿಲ್ಲೇನು?"

"ನಿನಗೇನ ಕೇಳೂದು? ಹುಟ್ಟಿದಾಗಿಂದ ಒಂದ ದಿನಾ ನೀ ಕಸಬರಗಿ ಹಿಡದ ಅಂಗಳಾ ಹೊಡದೀ ಏನು?"

"ಹಿಡೀಬಾರದು ಅಂತನ ಇಷ್ಟೆಲ್ಲಾ ವಿಚಾರ ಮಾಡಿದ್ದು." ಅವಳ ನಗು ನಿಂತಿತ್ತು. "ಮನಿ ಕಟ್ಟಿದ ಮ್ಯಾಲೆ ಒಂದ ವರ್ಷ ಮುಂದಿನ ಜಾಗಾ ಹಂಗ ಬಿಟ್ಟಿದ್ನೆಲಾ, ಅವಾಗ ಅವ್ವನ ಮುಂದ ನೀ ಏನಂದಿ? ಅಕಿ ಮೈಗಳ್ಳಿ, ಒಂದ ಇಟ್ಟಂಗಿ ಸೈತ ಸರಸಿಲ್ಲ ಅಂದಿ. ನಾ ನೋಡಾಕತ್ತಿದ್ದೆ ಅಕ್ಕಾ. ಬಿಸಲ ಎಲ್ಲಿ ಬೀಳತೈತಿ, ಮಳಿ ನೀರ ಎಲ್ಲಿ ನಿಂದ್ರತೈತಿ, ಬಂದ ಮಂದಿ ಎಲ್ಲಿ ಕಾಲ ಇಡತಾರ, ಎಲ್ಲಾ ನೋಡಿದ ಮ್ಯಾಲೆ ಕಲ್ಲ ಹಾಕಿಸಿದ್ನಿ. ಹುಲ್ಲ ಬರಬಾರದಂತ ಜಲ್ಲಿ ಕೆಳಗ ದಪ್ಪ ಪ್ಲಾಸ್ಟಿಕ್ ಹಾಳಿ ಹಾಸೇನಿ. ನಿನ್ನ ಫೋಟೋದಾಗ ಅದು ಕಂಡಿಲ್ಲ."

ಫೋಟೋದ ವಿಷಯ ಅವಳಿಗೆ ಗೊತ್ತಿತ್ತು.  ಅಲ್ಲಿಯವರೆಗೆ ನಾನು ಅವಳ ಅಂಗಳವನ್ನು ನೋಡಿ ಉರಿಯುತ್ತಿದ್ದೆ, ಈಗ ಅವಳ ತಲೆಯನ್ನು ನೆನೆದು ಉರಿದೆ. ಒಂದು ಇಡೀ ವರ್ಷ ಏನೂ ಮಾಡದೆ ಸುಮ್ಮನೆ ನೋಡುತ್ತ ಕೂರುವುದು ನನ್ನಿಂದ ಯಾವ ಜನ್ಮದಲ್ಲೂ ಆಗುವ ಕೆಲಸವಲ್ಲ.

ಅವ್ವ ನಡುವೆ ಬಂದಳು. "ಜಗಳಾ ಸಾಕ ಮಾಡ್ರಿ," ಎಂದು ನನ್ನ ಕೆಸರು ಕೈಯನ್ನು ತನ್ನ ಕೈಯಲ್ಲಿ ಹಿಡಿದಳು. "ನಿನಗ ಕುಂದ್ರ ಅಂತ ನಾ ಎಂದೂ ಅಂದಾಕಿ ಅಲ್ಲ, ಮಗಳ. ಅಕಿಗೆ ಮಕ್ಕೊ ಅಂದ್ನಿ, ನಿನಗ ಏಳ ಅಂದ್ನಿ. ಹಂಗ ಆತದು."

ಅಷ್ಟೇ ಅಂದಳು. ನಾನು ಕೈ ಬಿಡಿಸಿಕೊಂಡು ಒಳಗೆ ಹೋಗಿ ಚಹಾಕ್ಕೆ ಇಟ್ಟೆ. ಒಲೆಯ ಮುಂದೆ ಸ್ವಲ್ಪ ಹೊತ್ತು ಅತ್ತೆ. ಸಕ್ಕರೆ ಹಾಕುವುದು ಮರೆತ ಚಹಾವನ್ನು ಮೂವರೂ ಕೊನೆಯ ಗುಟುಕಿನವರೆಗೆ ಕುಡಿದರು.

ತಂಗಿ ಅಂದು ತಿರುಗಿ ಹೋಗಲಿಲ್ಲ. ಒಂದು ಕುರ್ಚಿ ತರಿಸಿಕೊಂಡು ಪಡಸಾಲೆಯ ಬಾಗಿಲಲ್ಲಿ ಕುಳಿತು, ಸಂಜೆಯವರೆಗೆ ಬಿಸಿಲು ಸರಿಯುವುದನ್ನು ನೋಡಿದಳು. ಆಮೇಲೆ ಕುಳಿತಲ್ಲಿಂದಲೇ ಅಪ್ಪಣೆ ಕೊಡತೊಡಗಿದಳು. ಮರುದಿನ ನಾನು ಶಾಲೆಗೆ ರಜೆ ಹಾಕಿದೆ. ನಾನೂ ನಮ್ಮ ಮನೆಯವರೂ ಇಬ್ಬರು ಆಳುಗಳೂ ಸೇರಿ ಕಲ್ಲನ್ನೆಲ್ಲ ಬಳಿದು ಒಂದು ಬದಿಗೆ ಹಾಕಿದೆವು. ಮಣ್ಣು ಆಳವಾಗಿ ಕೆದಕಿ ಜೇಕಿನ ಗಡ್ಡೆ ಆರಿಸಿದೆವು. ಓಡಾಡುವಲ್ಲಿ ಒರಟು ಚಪ್ಪಟೆ ಕಲ್ಲು. ಬಿಳಿ ಕಲ್ಲು ಗೋಡೆಯ ಬುಡಕ್ಕೆ ಮಾತ್ರ, ಅದರ ಕೆಳಗೆ ತೂತು ಹಾಕಿದ ದಪ್ಪ ಹಾಳೆ. ಗೇಟಿನ ಮೇಲೆ ಕಬ್ಬಿಣದ ಪೈಪಿನ ಚಪ್ಪರ ಮಾಡಿಸಿ ಕಾಗದದ ಹೂವನ್ನು ಅದಕ್ಕೆ ಹಬ್ಬಿಸಬೇಕು, ಪಡುವಣದ ಬಿಸಿಲನ್ನು ಅದೇ ತಡೆಯುತ್ತದೆ ಎಂದಳು. ಅದು ಹಬ್ಬುವವರೆಗೆ ನೆರಳಿಗೆಂದು ಹಸಿರು ಬಲೆ ಕಟ್ಟಿದೆವು. ಗ್ರಾನೈಟ್ ಆಸನ ಮನೆಯ ಗೋಡೆಗೆ ಅಂಟಿ, ಕಿಟಕಿಯ ಸಜ್ಜೆಯ ಕೆಳಗೆ ಹೋಯಿತು. ಕೊಕ್ಕರೆಗಳನ್ನು ಏನು ಮಾಡಲಿ ಎಂದು ಕೇಳಿದೆ. "ಇರ್ಲಿ, ನಿನ್ನ ಶೋಕಿ," ಎಂದಳು.

ಮಲ್ಲಿಗೆ ವಾಪಸು ಬೇಕಿತ್ತು. ಕೊಟ್ಟ ಗಿಡ ಕೇಳಲು ನನಗೆ ಬಾಯಿ ಬರಲಿಲ್ಲ. ತಂಗಿ ಎದ್ದು ಎದುರು ಮನೆಗೆ ಹೋದಳು. ಗೋಡೆಯಾಚೆಯಿಂದ ಇಬ್ಬರೂ ನಗುವುದು ಕೇಳಿಸಿತು. ತುಂಬ ಹೊತ್ತಿನ ಮೇಲೆ ಬೇರು ಬಿಟ್ಟ ಎರಡು ಟೊಂಗೆ, ಜೊತೆಗೆ ಒಂದು ಬಾಟಲಿ ಮಾವಿನ ಉಪ್ಪಿನಕಾಯಿ ಹಿಡಿದುಕೊಂಡು ಬಂದಳು. ಅಷ್ಟು ವರ್ಷ ಎದುರು ಬದುರು ಇದ್ದರೂ ಆ ಹೆಂಗಸು ನನಗೆ ಒಂದು ಹೋಳು ಉಪ್ಪಿನಕಾಯಿ ಕೊಟ್ಟಿರಲಿಲ್ಲ.

"ಇದನ್ನ ಬಚ್ಚಲ ನೀರ ಹೋಗೂ ಕಡೆ ಹಚ್ಚು," ಎಂದಳು ತಂಗಿ. "ನೀವು ಜಳಕಾ ಮಾಡಿದ್ರ ಸಾಕು, ಅದಕ್ಕ ಬ್ಯಾರೆ ನೀರ ಬ್ಯಾಡ."

ಮುಂದಿನ ಬೇಸಿಗೆಯ ಹೊತ್ತಿಗೆ ಚಪ್ಪರ ತುಂಬಿ ಕೆಂಪಗಾಯಿತು. ಬಚ್ಚಲ ಕಡೆಯ ಮಲ್ಲಿಗೆ ಅವ್ವನ ತಟ್ಟೆ ತುಂಬುವಷ್ಟು ಹೂ ಬಿಟ್ಟಿತು. ಅವ್ವ ಈಗ ಒಂದು ತಿಂಗಳು ಅಲ್ಲಿ, ಒಂದು ತಿಂಗಳು ಇಲ್ಲಿ. ಇಲ್ಲಿದ್ದಾಗ ಇಳಿಹೊತ್ತಿಗೆ ಹೊರಗೆ ಕುಳಿತು, ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಮಾತಾಡಿಸುತ್ತಾಳೆ. ನನಗೆ ಬೆಳಗಿನ ಹೊತ್ತು ಖಾಲಿ ಉಳಿಯಿತು. ಮೊದಮೊದಲು ಏನು ಮಾಡಬೇಕೆಂದು ತಿಳಿಯದೆ ಒಳಗೂ ಹೊರಗೂ ಓಡಾಡುತ್ತಿದ್ದೆ. ಈಗ ಕುಳಿತುಕೊಳ್ಳುತ್ತೇನೆ, ಚೆನ್ನಾಗಿಯೂ ಇರುತ್ತದೆ.

ಆದರೆ ಯಾರಾದರೂ ಗೇಟಿನ ಬಳಿ ನಿಂತು "ಭಾಳ ಛಂದ ಮಾಡೀರ್ರಿ" ಅಂದರೆ, ನಮ್ಮ ಮನೆಯವರು ನನಗೆ ಬಾಯಿ ತೆರೆಯಲು ಬಿಡದೆ "ನಮ್ಮ ನಾದಿನಿ ಮಾಡ್ಯಾಳ್ರಿ" ಎಂದುಬಿಡುತ್ತಾರೆ. ಗಡ್ಡೆ ಆರಿಸಿದ ಬೆನ್ನು ನನ್ನದು ಎಂದು ಪ್ರತಿ ಸಲವೂ ಹೇಳಬೇಕೆನಿಸುತ್ತದೆ. ಹೇಳಿಲ್ಲ.

ಈಚೆಗೆ ಮೇಲವಂಕಿಯಲ್ಲಿ ಮನೆ ಕಟ್ಟಿಸುತ್ತಿರುವ ನಮ್ಮ ಶಾಲೆಯ ಒಬ್ಬ ಶಿಕ್ಷಕಿ ನಮ್ಮ ಅಂಗಳ ನೋಡಿ, "ನಮಗೂ ಇಂಥಾದ್ದ ಬೇಕ್ರಿ, ಯಾರ ಕಡಿಂದ ಮಾಡಿಸೀರಿ?" ಎಂದು ಕೇಳಿದರು. ನಾನೇ ಬಂದು ಹೇಳಿಕೊಡುತ್ತೇನೆ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಕೆಲವು ದಿನ ಇವತ್ತು ಕೊಡುತ್ತೇನೆ, ನಾಳೆ ಕೊಡುತ್ತೇನೆ ಎಂದು ಮುಂದೂಡಿ, ಕೊನೆಗೆ ತಂಗಿಯ ನಂಬರು ಕೊಟ್ಟೆ. ಅವಳು ಮೇಲವಂಕಿಗೆ ಹೋಗಿ, ಅವರ ಹೊಸ ಮನೆಯ ಮುಂದೆ ಕುರ್ಚಿ ಹಾಕಿಸಿಕೊಂಡು ಮಧ್ಯಾಹ್ನವೆಲ್ಲ ಕುಳಿತು ಎದ್ದು ಬಂದಳಂತೆ. ಮರುದಿನ ಸ್ಟಾಫ್ ರೂಮಿನಲ್ಲಿ ಆ ಶಿಕ್ಷಕಿ ಎಲ್ಲರೆದುರು, "ಬಾಯಾರ, ನಿಮ್ಮ ತಂಗಿ ಭಾಳ ಶ್ಯಾಣ್ಯಾಕಿ ಅದಾರ ಬಿಡ್ರಿ," ಎಂದರು.

"ಹೌದ್ರಿ, ಸಣ್ಣಾಕಿ ಇದ್ದಾಗಿಂದ ಹಂಗ," ಎಂದೆ. ಎದೆಯೊಳಗೆ ಚುರ್ ಎಂದಿತು. ಮುಂದಿನ ಉತ್ತರಪತ್ರಿಕೆ ತೆಗೆದುಕೊಂಡು ತಿದ್ದತೊಡಗಿದೆ.